ಪರದೆಯ ಪಾಠ, ಮಂಚದ ಬದಿಯ ಪಾಠ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮರುದಿನದಿಂದಲೇ ಕಲಬುರಗಿಯ ಖೂಬಾ ಪ್ಲಾಟ್‌ನಂತಹ ಬಡಾವಣೆಗಳ ಮನೆಗಳಲ್ಲಿ ಒಂದೇ ಮಾತು. ಮಗಳನ್ನು ನರ್ಸಿಂಗ್‌ಗೆ ಸೇರಿಸೋಣವೇ? ಮಗನಿಗೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಕೊಡಿಸೋಣವೇ? ವೈದ್ಯಕೀಯ ಸೀಟು ಇಲ್ಲಿ ಸಿಗದಿದ್ದರೆ ಹೊರದೇಶಕ್ಕೆ ಕಳಿಸೋಣವೇ? ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ಮನೆಯಲ್ಲಿಯೇ ಕುಳಿತು, ಮೊಬೈಲ್‌ನಲ್ಲಿ ಪಾಠ ಕೇಳಿ, ಪರೀಕ್ಷೆಗೆ ಮಾತ್ರ ಹೋಗಿ ಬಂದರೆ ಸರ್ಟಿಫಿಕೇಟು ಕೈಗೆ ಬರುತ್ತದಂತೆ, ಇದು ನಿಜವೇ?

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಬಹುದು. ಆದರೆ ಕಾರಣ ತಿಳಿಯದ ಉತ್ತರವನ್ನು ಏಜೆಂಟನ ಸವಿಮಾತು ಸುಲಭವಾಗಿ ಅಳಿಸಿಬಿಡುತ್ತದೆ. ವೈದ್ಯರು, ದಾದಿಯರು, ತಂತ್ರಜ್ಞರು ತಮ್ಮ ವಿದ್ಯೆಯನ್ನು ಕಲಿಯುವುದು ಹೇಗೆ, ಅದರಲ್ಲಿ ಪರದೆಯ ಪಾಲೆಷ್ಟು, ಮಂಚದ ಬದಿಯ ಪಾಲೆಷ್ಟು ಎಂಬುದನ್ನು ಮೊದಲು ನೋಡೋಣ. ಮಕ್ಕಳನ್ನು ಓದಿಸುವವರಿಗೆ ಮಾತ್ರವಲ್ಲ, ನಾಳೆ ಅವರ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳಬೇಕಾದ ನಮಗೆಲ್ಲರಿಗೂ ಇದು ಸಂಬಂಧಪಟ್ಟ ವಿಷಯ.

ಹಳೆಯ ದಾರಿ

ಕಲಬುರಗಿಗೆ ವೈದ್ಯಕೀಯ ಶಿಕ್ಷಣ ಬಂದದ್ದು 1963ರಲ್ಲಿ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಆರಂಭಿಸಿದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಈ ಭಾಗದ ಮೊದಲ ವೈದ್ಯಕೀಯ ಕಾಲೇಜು. ಆ ಬಳಿಕ ಖಾಜಾ ಬಂದಾನವಾಜ್ ಸಂಸ್ಥೆಯ ಕಾಲೇಜು, ಇಎಸ್‌ಐಸಿ ಕಾಲೇಜು, ಸರ್ಕಾರದ ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದವು. ನರ್ಸಿಂಗ್, ಫಾರ್ಮಸಿ, ಪ್ಯಾರಾ ಮೆಡಿಕಲ್ ಶಾಲೆಗಳಂತೂ ಊರ ತುಂಬ ಇವೆ. 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಬಹುತೇಕ ಆರೋಗ್ಯ ಕಾಲೇಜುಗಳು ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆಯ ಕೆಳಗೆ ಬಂದವು.

ಹಳೆಯ ಕ್ರಮದಲ್ಲಿ ಕಲಿಕೆ ನಡೆಯುತ್ತಿದ್ದುದು ಮೂರು ಕಡೆ. ಗ್ಯಾಲರಿಯಂತಹ ದೊಡ್ಡ ಕೋಣೆಯಲ್ಲಿ ಅಧ್ಯಾಪಕರ ಉಪನ್ಯಾಸ, ಶವಚ್ಛೇದನ ಕೋಣೆ ಹಾಗೂ ಪ್ರಯೋಗಶಾಲೆ, ಕೊನೆಗೆ ಆಸ್ಪತ್ರೆಯ ವಾರ್ಡು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಎಂಬ ವೈದ್ಯರು ವಿದ್ಯಾರ್ಥಿಗಳನ್ನು ಉಪನ್ಯಾಸದ ಕೋಣೆಯಿಂದ ಎಬ್ಬಿಸಿ ರೋಗಿಯ ಮಂಚದ ಬಳಿಗೆ ಕರೆದೊಯ್ದರು. ಇಂದಿಗೂ ಬೆಳಿಗ್ಗೆ ನಮ್ಮ ಬೋಧನಾ ಆಸ್ಪತ್ರೆಗಳಲ್ಲಿ ಬಿಳಿ ಕೋಟಿನ ಹುಡುಗ ಹುಡುಗಿಯರ ಗುಂಪೊಂದು ಹಿರಿಯ ವೈದ್ಯರ ಹಿಂದೆ ಮಂಚದಿಂದ ಮಂಚಕ್ಕೆ ಸಾಗುವುದು ಕಾಣುತ್ತದಲ್ಲವೇ? ಅದೇ ಆ ಪದ್ಧತಿ.

ಇದರ ಕುಂದುಗಳೂ ಸಣ್ಣವಲ್ಲ. ನೂರೈವತ್ತು ವಿದ್ಯಾರ್ಥಿಗಳಿಗೆ ಒಂದೇ ಉಪನ್ಯಾಸ. ಹಿಂದಿನ ಬೆಂಚಿನವನಿಗೆ ಕೇಳಿಸಿತೋ ಇಲ್ಲವೋ ಕೇಳುವವರಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹತ್ತು ಜನ ಹಿಂದೆ ನಿಂತರೆ ಅವರಿಗೆ ಕಾಣುವುದು ಶಸ್ತ್ರವೈದ್ಯರ ಬೆನ್ನು ಮಾತ್ರ. ವಾರ್ಡಿನಲ್ಲಿ ಇರುವ ವಾರ ಯಾವ ರೋಗಿಗಳು ಬಂದರೋ ಅಷ್ಟೇ ಕಲಿಕೆ. ಅಪರೂಪದ ರೋಗವೊಂದು ಇವರ ಪಾಳಿ ಮುಗಿದ ಮರುದಿನ ಬಂದರೆ ಅದು ಇವರ ಪಾಲಿಗೆ ಇಲ್ಲ.

2020ರ ಮಾರ್ಚ್

ಬಲವಂತದಿಂದ ಎಲ್ಲವೂ ಪರದೆಗೆ ಬಂದ ಕಾಲವೊಂದಿತ್ತು. ಅದನ್ನು ಕಲಬುರಗಿಯವರು ಮರೆಯುವಂತಿಲ್ಲ. ಕೋವಿಡ್‌ನಿಂದ ಭಾರತದಲ್ಲಿ ದಾಖಲಾದ ಮೊದಲ ಸಾವು ನಮ್ಮ ನಗರದ 76 ವರ್ಷದ ಹಿರಿಯರದು. ಅವರು ತೀರಿಕೊಂಡದ್ದು 2020ರ ಮಾರ್ಚ್ 10ರಂದು. ಎರಡು ದಿನಗಳ ಬಳಿಕ ಕಾರಣ ಖಚಿತವಾಯಿತು. ಶಾಲೆ ಕಾಲೇಜುಗಳ ಬಾಗಿಲು ಮುಚ್ಚಿದವು, ಹಾಸ್ಟೆಲ್ಲುಗಳು ಖಾಲಿಯಾದವು. ವೈದ್ಯಕೀಯ ಹಾಗೂ ನರ್ಸಿಂಗ್ ವಿದ್ಯಾರ್ಥಿಗಳು ಕಮಲಾಪುರ, ಚಿಂಚೋಳಿ, ಆಳಂದದ ಕಡೆಯ ತಮ್ಮ ಊರುಗಳಿಗೆ ಮರಳಿ, ನೆಟ್‌ವರ್ಕ್ ಸಿಗುವ ಮಾಳಿಗೆಯ ಮೂಲೆ ಹುಡುಕಿ, ಬೇಸಿಗೆಯ ಬಿಸಿಲಿನಲ್ಲಿ ಅಂಗರಚನಾ ಶಾಸ್ತ್ರದ ಪಾಠ ಕೇಳಿದರು. ಕರೆಂಟು ಹೋದರೆ ಪಾಠವೂ ಹೋಯಿತು. ಒಂದು ಮನೆಯಲ್ಲಿ ಒಂದೇ ಫೋನು ಇದ್ದು ಅಣ್ಣನಿಗೂ ತಂಗಿಗೂ ಅದೇ ಬೇಕಾದಾಗ ಯಾರ ಪಾಠ ತಪ್ಪುತ್ತಿತ್ತು ಎಂಬುದನ್ನು ಹೇಳಬೇಕಾಗಿಲ್ಲ.

ಆದರೂ ಆ ದಿನಗಳು ಒಂದು ವಿಷಯವನ್ನು ಸ್ಪಷ್ಟಪಡಿಸಿದವು. ಔಷಧಶಾಸ್ತ್ರದ ಪಾಠ ಪರದೆಯ ಮೇಲೆ ಸುಗಮವಾಗಿ ನಡೆಯಿತು. ಇಸಿಜಿ ಓದುವುದು, ಎಕ್ಸ್‌ರೇ ಗುರುತಿಸುವುದು, ಸೂಕ್ಷ್ಮದರ್ಶಕದ ಚಿತ್ರಗಳು, ರೆಕಾರ್ಡ್ ಮಾಡಿದ ಹೃದಯದ ಸದ್ದು, ಇವೆಲ್ಲ ತರಗತಿಗಿಂತ ಚೆನ್ನಾಗಿಯೇ ಕಲಿಯಬಹುದಾಗಿತ್ತು. ಅರ್ಥವಾಗದಿದ್ದರೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಬಹುದಲ್ಲ! ಆದರೆ ರೋಗಿಯನ್ನು ಮುಟ್ಟಿ ನೋಡುವ ಪಾಠ ಬಂದಾಗ ಎಲ್ಲವೂ ನಿಂತುಹೋಯಿತು.

ಒಂದು ಪಾಠ, ಮೂರು ಬಗೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಕ್ಕಳ ಭೇದಿ. ಎಲ್ಲ ಮನೆಗಳಿಗೂ ಗೊತ್ತಿರುವ ರೋಗ ಇದು, ಬೇಸಿಗೆ ಮತ್ತು ಮಳೆಗಾಲದಲ್ಲಿ ನಮ್ಮ ಕಡೆ ಹೆಚ್ಚು. ಭೇದಿಯಲ್ಲಿ ಮಗುವನ್ನು ಕೊಲ್ಲುವುದು ಹೆಚ್ಚಾಗಿ ರೋಗಾಣುವಲ್ಲ, ಮೈಯಿಂದ ನೀರು ಮತ್ತು ಲವಣ ಹೊರಟುಹೋಗುವುದು. ಆದ್ದರಿಂದ ವಿದ್ಯಾರ್ಥಿ ಮೊದಲು ಕಲಿಯಬೇಕಾದುದು, ಈ ಮಗು ಎಷ್ಟು ನೀರು ಕಳೆದುಕೊಂಡಿದೆ ಎಂದು ಅಳೆಯುವುದನ್ನು.

ಹಳೆಯ ಉಪನ್ಯಾಸದಲ್ಲಿ ಅಧ್ಯಾಪಕರು ಲಕ್ಷಣಗಳನ್ನು ಹಲಗೆಯ ಮೇಲೆ ಬರೆಯುತ್ತಾರೆ. ಮಗು ಕಿರಿಕಿರಿ ಮಾಡುತ್ತಿದೆಯೇ, ಅಥವಾ ಮಂಕಾಗಿ ಬಿದ್ದಿದೆಯೇ? ಕಣ್ಣು ಗುಳಿ ಬಿದ್ದಿವೆಯೇ? ನೀರು ಕೊಟ್ಟರೆ ಆತುರದಿಂದ ಕುಡಿಯುತ್ತದೆಯೇ, ಕುಡಿಯಲೂ ಆಗುತ್ತಿಲ್ಲವೇ? ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ತಕ್ಷಣ ಮೊದಲಿನಂತಾಗುತ್ತದೆಯೇ, ಎರಡು ಸೆಕೆಂಡಿಗಿಂತ ಹೆಚ್ಚು ಮಡಿಕೆ ಹಾಗೆಯೇ ನಿಲ್ಲುತ್ತದೆಯೇ? ವಿದ್ಯಾರ್ಥಿ ಬರೆದುಕೊಳ್ಳುತ್ತಾನೆ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾನೆ. ಒಂದು ಮಗುವನ್ನೂ ನೋಡದೆ!

ಆನ್‌ಲೈನ್ ಪಾಠದಲ್ಲಿ ಇದೇ ಲಕ್ಷಣಗಳ ವಿಡಿಯೊ ತೋರಿಸುತ್ತಾರೆ. ಚರ್ಮದ ಮಡಿಕೆ ನಿಧಾನವಾಗಿ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಹಲಗೆಯ ಮೇಲಿನ ಬರಹಕ್ಕಿಂತ ಇದು ನಿಸ್ಸಂದೇಹವಾಗಿ ಮೇಲು. ನಡುನಡುವೆ ಪ್ರಶ್ನೆ ಕೇಳಿ ತಪ್ಪು ತಿದ್ದುವ ವ್ಯವಸ್ಥೆಯಿದ್ದರೆ ಇನ್ನೂ ಮೇಲು.

ಇನ್ನು ವಾರ್ಡಿಗೆ ಬನ್ನಿ. ತಾಯಿ ಹೇಳುತ್ತಾಳೆ: ‘ಕೂಸಿಗಿ ಎರಡ ದಿನದಿಂದ ಸಂಡಾಸ ಹತ್ತ್ಯಾದ್ರಿ, ಏನೂ ಕುಡೀವಲ್ದ್ರಿ.’ ಬೇರೆ ರಾಜ್ಯದಿಂದ ಬಂದ ವಿದ್ಯಾರ್ಥಿಗೆ ಮೊದಲ ತೊಡಕು ಇಲ್ಲಿಯೇ. ‘ಕುಡೀವಲ್ದು’ ಎಂದರೆ ಕುಡಿಯಲು ಒಲ್ಲೆನೆನ್ನುತ್ತಿದೆಯೋ, ಕುಡಿಯಲು ಶಕ್ತಿಯೇ ಇಲ್ಲವೋ? ಚಿಕಿತ್ಸೆ ಇದರ ಮೇಲೆ ನಿಂತಿದೆ. ಕುಡಿಯಬಲ್ಲ ಮಗುವಿಗೆ ಓಆರ್‌ಎಸ್ ಸಾಕಾಗಬಹುದು. ಕುಡಿಯಲಾರದ, ಮಂಕಾದ ಮಗುವಿಗೆ ರಕ್ತನಾಳದ ಮೂಲಕ ದ್ರವ ತಕ್ಷಣ ಹೋಗಬೇಕು. ಕನ್ನಡ, ದಖನಿ ಉರ್ದು, ತೆಲುಗು, ಲಂಬಾಣಿ, ಮರಾಠಿ ಎಲ್ಲವೂ ಕೇಳಿಬರುವ ನಮ್ಮ ವಾರ್ಡುಗಳಲ್ಲಿ ಈ ಪಾಠವನ್ನು ಯಾವ ಆ್ಯಪ್ ಕಲಿಸೀತು?

ಎರಡನೆಯ ತೊಡಕು ಚರ್ಮ ಚಿವುಟುವಾಗ. ತೀರ ಸೊರಗಿದ ಮಗುವಿನಲ್ಲಿ ನೀರು ಕಡಿಮೆಯಾಗದಿದ್ದರೂ ಮಡಿಕೆ ನಿಧಾನವಾಗಿ ಇಳಿಯಬಹುದು. ಗುಂಡುಗುಂಡಾದ ಮಗುವಿನಲ್ಲಿ ನೀರು ಕಡಿಮೆಯಾಗಿದ್ದರೂ ಮಡಿಕೆ ಬೇಗ ಇಳಿದು ಮೋಸ ಮಾಡಬಹುದು. ಈ ಮಾತನ್ನು ಪುಸ್ತಕವೂ ಹೇಳುತ್ತದೆ, ವಿಡಿಯೊವೂ ಹೇಳುತ್ತದೆ. ಆದರೆ ಬೆರಳಿಗೆ ಅದು ಗೊತ್ತಾಗಬೇಕಾದರೆ ಸೊರಗಿದ ಮಗುವನ್ನೂ ಗುಂಡಾದ ಮಗುವನ್ನೂ ಬೆರಳು ಮುಟ್ಟಿರಬೇಕು, ಒಮ್ಮೆಯಲ್ಲ, ಹಲವು ಬಾರಿ. ಬದಿಯಲ್ಲಿ ನಿಂತ ಹಿರಿಯರು ‘ಅಲ್ಲಲ್ಲ, ಹೊಕ್ಕುಳಿನ ಪಕ್ಕದಲ್ಲಿ, ಉದ್ದಕ್ಕೆ ಹಿಡಿ’ ಎಂದು ಅಲ್ಲಿಯೇ ತಿದ್ದಬೇಕು.

(ಪ್ರಸಂಗ ಬಂದುದರಿಂದ ತಾಯಂದಿರಿಗೆ ಒಂದು ಮಾತು. ಒಂದು ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಪೂರ್ತಿಯಾಗಿ ಕರಗಿಸಬೇಕು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂಬ ಲೆಕ್ಕ ಬೇಡ. ಎದೆಹಾಲು ನಿಲ್ಲಿಸಬಾರದು. ವೈದ್ಯರು ಬರೆದುಕೊಟ್ಟ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಮುಗಿಸಬೇಕು. ಮಗು ಮಂಕಾದರೆ, ಕುಡಿಯಲಾರದಾದರೆ ಮನೆಯಲ್ಲಿ ಕಾಯಬೇಡಿ.)

ಮಿಶ್ರ ಪದ್ಧತಿಯೆಂದರೆ ಇವುಗಳಲ್ಲಿ ಯಾವುದನ್ನೂ ಬಿಡದೆ ಅನುಕ್ರಮ ಬದಲಿಸುವುದು. ವಿದ್ಯಾರ್ಥಿಯು ಹಿಂದಿನ ರಾತ್ರಿ ಇಪ್ಪತ್ತು ನಿಮಿಷದ ವಿಡಿಯೊ ನೋಡಿ, ಕೆಲವು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಬರುತ್ತಾನೆ. ಯಾವ ಪ್ರಶ್ನೆಯಲ್ಲಿ ಹೆಚ್ಚು ಜನ ತಪ್ಪಿದ್ದಾರೆಂದು ಅಧ್ಯಾಪಕರಿಗೆ ಬೆಳಿಗ್ಗೆಯೇ ಗೊತ್ತು. ತರಗತಿಯಲ್ಲಿ ಮತ್ತೆ ಅದೇ ಉಪನ್ಯಾಸ ಕೊಡದೆ ಒಂದು ಮಗುವಿನ ಕಥೆಯನ್ನು ಮುಂದಿಟ್ಟು ‘ನೀನೇನು ಮಾಡುವೆ?’ ಎಂದು ಕೇಳುತ್ತಾರೆ. ಆಮೇಲೆ ರಬ್ಬರಿನ ತೋಳಿನ ಮೇಲೆ ಸೂಜಿ ಹಾಕುವ ಅಭ್ಯಾಸ, ಆನಂತರ ವಾರ್ಡು. ತಾಯಿಯ ಮುಂದೆ, ಅಳುವ ಮಗುವಿನ ಮುಂದೆ ನಿಲ್ಲುವ ಹೊತ್ತಿಗೆ ವಿದ್ಯಾರ್ಥಿಯ ತಲೆಯಲ್ಲಿ ಪಾಠ ಆಗಲೇ ಇರುತ್ತದೆ. ಕೈ ಮಾತ್ರ ಕಲಿಯಬೇಕು.

ನಾಲ್ಕು ಮೆಟ್ಟಿಲು

1990ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ವೈದ್ಯಶಿಕ್ಷಕರು ಈ ಕಲಿಕೆಯನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದರು. ವಿಷಯ ಗೊತ್ತಿರುವುದು, ಹೇಗೆ ಮಾಡಬೇಕೆಂದು ಗೊತ್ತಿರುವುದು, ಮಾಡಿ ತೋರಿಸುವುದು, ನಿಜವಾದ ರೋಗಿಗೆ ತಾನೇ ಮಾಡುವುದು. ಭಾರತದಲ್ಲಿ 2019ರಿಂದ ಎಂಬಿಬಿಎಸ್‌ಗೆ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವು ಈ ಮೆಟ್ಟಿಲುಗಳನ್ನೇ ಅನುಸರಿಸಿ, ಯಾವ ಕೌಶಲವನ್ನು ವಿದ್ಯಾರ್ಥಿ ಯಾವ ಮೆಟ್ಟಿಲಿನವರೆಗೆ ಏರಬೇಕೆಂದು ಒಂದೊಂದಾಗಿ ಗೊತ್ತುಪಡಿಸಿದೆ. ಮೊದಲ ವರ್ಷದಲ್ಲಿಯೇ ರೋಗಿಯ ಪರಿಚಯ, ಸ್ಥಳೀಯ ಭಾಷೆಯ ಕಲಿಕೆ, ರೋಗಿಯೊಡನೆ ಮಾತನಾಡುವ ರೀತಿ ಇವೆಲ್ಲ ಅದರಲ್ಲಿ ಸೇರಿವೆ. ಪರೀಕ್ಷೆಗೆ ಕೂರಲು ಉಪನ್ಯಾಸಗಳಲ್ಲಿ ಶೇಕಡ 75, ಪ್ರಾಯೋಗಿಕದಲ್ಲಿ ಶೇಕಡ 80 ಹಾಜರಿ ಬೇಕು. ಪ್ರಾಯೋಗಿಕಕ್ಕೆ ಹೆಚ್ಚು ಇಟ್ಟಿರುವುದನ್ನು ಗಮನಿಸಿ.

ಮೊದಲ ಎರಡು ಮೆಟ್ಟಿಲುಗಳಿಗೆ ಪರದೆ ಒಳ್ಳೆಯ ಏಣಿ. ಮೂರನೆಯದಕ್ಕೆ ಗೊಂಬೆ, ಮಾದರಿಗಳು ಬೇಕು. ನಾಲ್ಕನೆಯದಕ್ಕೆ ರೋಗಿಯೇ ಬೇಕು.

ಗೊಂಬೆಯ ಮಾತು ಬಂದಾಗ ಒಂದು ಸ್ವಾರಸ್ಯ. ನಿಂತ ಹೃದಯಕ್ಕೆ ಎದೆ ಒತ್ತಿ ಜೀವ ತುಂಬುವ ವಿಧಾನ ಕಲಿಸಲು 1960ರಲ್ಲಿ ನಾರ್ವೆಯ ಗೊಂಬೆ ತಯಾರಕ ಆಸ್ಮುಂಡ್ ಲೇರ್ಡಾಲ್ ‘ರೆಸುಸಿ ಆ್ಯನ್’ ಎಂಬ ಬೊಂಬೆ ಮಾಡಿದರು. ಇಂದಿಗೂ ಅದರ ವಂಶದ ಬೊಂಬೆಗಳು ಕಾಲೇಜುಗಳಲ್ಲಿವೆ. ದೊಡ್ಡವರ ಎದೆಯನ್ನು ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಈ ವಾಕ್ಯ ಓದಲು ಕೆಲವೇ ಸೆಕೆಂಡು ಸಾಕು. ಆದರೆ ಐದು ಸೆಂಟಿಮೀಟರ್ ಎಷ್ಟು ಬಲ ಬೇಡುತ್ತದೆ, ಎರಡು ನಿಮಿಷಕ್ಕೇ ತೋಳು ಹೇಗೆ ಸೋಲುತ್ತದೆ ಎಂಬುದು ಒತ್ತಿದವನಿಗೇ ಗೊತ್ತು.

ಹೊಟ್ಟೆ ಪರೀಕ್ಷೆಯೂ ಹೀಗೆಯೇ. ಊದಿಕೊಂಡ ಯಕೃತ್ತನ್ನು ಹುಡುಕುವಾಗ ಬೆರಳು ಚುಚ್ಚಬಾರದು. ಹೊಟ್ಟೆಯ ಬಲಭಾಗದ ಕೆಳಗಿನಿಂದ ಆರಂಭಿಸಿ, ಅಂಗೈಯನ್ನು ಹಗುರವಾಗಿ ಇಟ್ಟು, ರೋಗಿ ಉಸಿರು ಎಳೆದುಕೊಳ್ಳುವವರೆಗೆ ಕಾಯಬೇಕು. ಉಸಿರಿನೊಡನೆ ಯಕೃತ್ತಿನ ಅಂಚು ತಾನಾಗಿ ಇಳಿದು ಬಂದು ಬೆರಳನ್ನು ತಟ್ಟುತ್ತದೆ. ಈ ಕಾಯುವಿಕೆಯನ್ನು ಪರದೆ ಕಲಿಸಲಾರದು. ತೀವ್ರ ಸಕ್ಕರೆ ಕಾಯಿಲೆಯ ರೋಗಿಯ ಉಸಿರಿನಲ್ಲಿ ಬರುವ ಹಣ್ಣಿನಂತಹ ವಾಸನೆಯನ್ನೂ ಅಷ್ಟೇ.

ಸಂಶೋಧನೆ ಏನನ್ನುತ್ತದೆ?

ಅಮೆರಿಕದ ಮೇಯೊ ಕ್ಲಿನಿಕ್‌ನ ಡೇವಿಡ್ ಕುಕ್ ಮತ್ತು ಸಂಗಡಿಗರು 2008ರಲ್ಲಿ 201 ಅಧ್ಯಯನಗಳನ್ನು ಕೂಡಿಸಿ ನೋಡಿದರು. ಏನೂ ಪಾಠವಿಲ್ಲದಿರುವುದಕ್ಕಿಂತ ಅಂತರಜಾಲದ ಪಾಠ ಬಹಳ ಮೇಲು. ಆದರೆ ಸಾಂಪ್ರದಾಯಿಕ ಪಾಠಕ್ಕೆ ಹೋಲಿಸಿದರೆ ಸರಾಸರಿ ವ್ಯತ್ಯಾಸ ಅಲ್ಪ. 2016ರಲ್ಲಿ ಪ್ರಕಟವಾದ, 56 ಲೇಖನಗಳ ಇನ್ನೊಂದು ಅವಲೋಕನವು ಮಿಶ್ರ ಪದ್ಧತಿಯು ಉಳಿದವುಗಳಿಗೆ ಸಮ ಅಥವಾ ಅವುಗಳಿಗಿಂತ ಮೇಲು ಎಂದಿತು. ಆದರೆ ಒಂದು ಅಧ್ಯಯನದಿಂದ ಇನ್ನೊಂದಕ್ಕೆ ಫಲಿತಾಂಶದಲ್ಲಿ ತುಂಬ ಅಂತರವಿತ್ತು ಎಂದೂ ಹೇಳಿತು. ನಮ್ಮ ಅಭಿಪ್ರಾಯದಲ್ಲಿ ಈ ಅಂತರವೇ ಮುಖ್ಯ ಸಂಗತಿ. ಮಿಶ್ರ ಎಂಬ ಹೆಸರಿಟ್ಟ ಮಾತ್ರಕ್ಕೆ ಪಾಠ ಒಳ್ಳೆಯದಾಗದು. ಹಳೆಯ ಉಪನ್ಯಾಸವನ್ನೇ ರೆಕಾರ್ಡ್ ಮಾಡಿ ಕಳಿಸಿ, ಉಳಿದ ಸಮಯದಲ್ಲಿ ವಾರ್ಡಿಗೂ ಕರೆದೊಯ್ಯದಿದ್ದರೆ ಅದು ಪಾಠ ಮಿಶ್ರ ಮಾಡಿದ್ದಲ್ಲ, ಅಧ್ಯಾಪಕರ ಖರ್ಚು ಉಳಿಸಿದ್ದು.

ಒಳ್ಳೆಯ ಮಿಶ್ರಣಕ್ಕೆ ನಮ್ಮ ರಾಜ್ಯದಲ್ಲಿಯೇ ಮಾದರಿಯಿದೆ. ಬೆಂಗಳೂರಿನ ನಿಮ್ಹಾನ್ಸ್ 2018ರಲ್ಲಿ ಡಿಜಿಟಲ್ ಅಕಾಡೆಮಿ ಆರಂಭಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ರೋಗಗಳ ಚಿಕಿತ್ಸೆ ಕಲಿಸತೊಡಗಿತು. ಅದರ ಒಂದು ವಿಧಾನದಲ್ಲಿ ಹಳ್ಳಿಯ ವೈದ್ಯರು ತಮ್ಮದೇ ಕೇಂದ್ರದಲ್ಲಿ ತಮ್ಮದೇ ರೋಗಿಯನ್ನು ನೋಡುತ್ತಿರುವಾಗ ನಿಮ್ಹಾನ್ಸ್‌ನ ತಜ್ಞರು ವಿಡಿಯೊ ಮೂಲಕ ಜೊತೆಯಲ್ಲಿದ್ದು, ಖಿನ್ನತೆಯನ್ನು ಹೇಗೆ ಗುರುತಿಸುವುದು, ಯಾವ ಔಷಧ ಎಷ್ಟು ಎಂದು ಅಲ್ಲಿಯೇ ತಿಳಿಸುತ್ತಾರೆ. ರೋಗಿಯೂ ಉಂಟು, ಗುರುವೂ ಉಂಟು. ನಡುವಿನ ನೂರಾರು ಕಿಲೋಮೀಟರ್ ದಾರಿ ಮಾತ್ರ ಇಲ್ಲ. ಆದರೆ ಇದು ಈಗಾಗಲೇ ರೋಗಿಗಳನ್ನು ಮುಟ್ಟಿ ಕಲಿತು ಪದವಿ ಪಡೆದ ವೈದ್ಯರಿಗೆ ನಡೆಯುವ ಪಾಠ ಎಂಬುದನ್ನು ಮರೆಯಬಾರದು.

ಪರದೆಗೆ ಸಿಲುಕಿದವರು

ಇನ್ನೊಂದು ಬದಿಯ ಕಥೆ ನೋವಿನದು. 2022ರ ಫೆಬ್ರುವರಿಯಲ್ಲಿ ಯುಕ್ರೇನ್ ಯುದ್ಧ ಆರಂಭವಾದಾಗ ಅಲ್ಲಿ ವೈದ್ಯಕೀಯ ಓದುತ್ತಿದ್ದ ಭಾರತದ ಸಾವಿರಾರು ಮಕ್ಕಳು ಮರಳಿ ಬಂದು ಮನೆಯಿಂದಲೇ ಆನ್‌ಲೈನ್ ಪಾಠ ಮುಂದುವರಿಸಬೇಕಾಯಿತು. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಮಾತ್ರ ಮರಳಲಿಲ್ಲ. ಖಾರ್ಕಿವ್‌ನಲ್ಲಿ ನಾಲ್ಕನೆಯ ವರ್ಷ ಓದುತ್ತಿದ್ದ ಆ ಹುಡುಗ ಮಾರ್ಚ್ 1ರಂದು ದಾಳಿಯಲ್ಲಿ ಮಡಿದ. ಅದೇ ತಿಂಗಳು ಊರಿಗೆ ಬಂದ ಮಗನ ದೇಹವನ್ನು ತಂದೆತಾಯಿ ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಸಂಸ್ಥೆಗೆ ವಿದ್ಯಾರ್ಥಿಗಳ ಕಲಿಕೆಗಾಗಿ ಒಪ್ಪಿಸಿದರು.

ಮರಳಿದವರ ಗತಿಯೇನಾಯಿತು? ಕೊನೆಯ ವರ್ಷದಲ್ಲಿದ್ದು ಆನ್‌ಲೈನ್‌ನಲ್ಲಿ ಓದು ಮುಗಿಸಿದವರಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಜುಲೈನಲ್ಲಿ ಅರ್ಹತಾ ಪರೀಕ್ಷೆ ಬರೆಯಲು ಒಪ್ಪಿತು. ಆದರೆ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್ ಬದಲು ಎರಡು ವರ್ಷ ಮಾಡಬೇಕೆಂದಿತು. ಪರದೆಯ ಮುಂದೆ ತಪ್ಪಿಹೋದ ವಾರ್ಡಿನ ದಿನಗಳಿಗೆ ಇನ್ನೊಂದು ವರ್ಷ ತೆರಬೇಕಾಯಿತು. ತಮ್ಮದಲ್ಲದ ತಪ್ಪಿಗೆ ಮಕ್ಕಳು ತೆತ್ತ ಬೆಲೆ ಇದು, ಕಠೋರವೆನಿಸುತ್ತದೆ. ಆದರೂ ರೋಗಿಯ ಕಡೆಯಿಂದ ನೋಡಿದರೆ ತಪ್ಪೆನ್ನಲಾಗದು. 2021ರ ನವೆಂಬರ್ ನಿಯಮಗಳ ಪ್ರಕಾರ ವಿದೇಶದಲ್ಲಿ ಓದುವವರು ಕನಿಷ್ಠ 54 ತಿಂಗಳ ಕೋರ್ಸನ್ನು ಅಲ್ಲಿಯೇ, ಇಂಗ್ಲಿಷ್ ಮಾಧ್ಯಮದಲ್ಲಿ ಮುಗಿಸಿರಬೇಕು. ಮೇಲೆ 12 ತಿಂಗಳ ಇಂಟರ್ನ್‌ಶಿಪ್ ಬೇಕು. ಏಜೆಂಟರ ಮುಂದೆ ಕೂತಾಗ ಈ ಅಂಕಿಗಳು ನೆನಪಿರಲಿ.

ಮನೆಯವರು ತಿಳಿದಿರಬೇಕಾದುದು

ಈಗ ಮೊದಲ ಪ್ರಶ್ನೆಗೆ ಬರೋಣ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2020ರ ನಿಯಮಗಳು ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಪ್ಯಾರಾ ಮೆಡಿಕಲ್ ಪದವಿಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಡುವುದನ್ನು ನಿಷೇಧಿಸಿವೆ. 2025ರಲ್ಲಿ ಆಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 2021ರ ಸಹ ಹಾಗೂ ಆರೋಗ್ಯ ವೃತ್ತಿಪರರ ಕಾಯ್ದೆಯ ವ್ಯಾಪ್ತಿಗೆ ಬರುವ ಮನಃಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಆಹಾರ ಮತ್ತು ಪೌಷ್ಟಿಕತೆ, ಜೈವಿಕ ತಂತ್ರಜ್ಞಾನ, ಪಥ್ಯಶಾಸ್ತ್ರದಂತಹ ಕೋರ್ಸುಗಳಿಗೂ ಆ ವರ್ಷದ ಜುಲೈ-ಆಗಸ್ಟ್ ಅಧಿವೇಶನದಿಂದ ದೂರಶಿಕ್ಷಣದ ಬಾಗಿಲು ಮುಚ್ಚಿತು. ಆದ್ದರಿಂದ ‘ಮನೆಯಿಂದಲೇ ನರ್ಸಿಂಗ್’ ಎಂಬ ಕರಪತ್ರ ಕೈಗೆ ಬಂದರೆ ಹಣ ಕಟ್ಟುವುದು ಬೇಡ. ಅಂತಹ ಸರ್ಟಿಫಿಕೇಟು ಹಿಡಿದುಕೊಂಡು ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗದು. ನೋಂದಣಿಯಿಲ್ಲದೆ ಸರ್ಕಾರಿ ಕೆಲಸವೂ ಇಲ್ಲ, ವಿದೇಶದ ಕೆಲಸವೂ ಇಲ್ಲ. ಹೊಲ ಮಾರಿ, ಬಂಗಾರ ಒತ್ತೆಯಿಟ್ಟು ಶುಲ್ಕ ಕಟ್ಟಿದವರ ಕಣ್ಣೀರಿಗೆ ಆಮೇಲೆ ಹೊಣೆಗಾರರು ಸಿಗುವುದಿಲ್ಲ.

ಕಾಲೇಜು ನೋಡಲು ಹೋದಾಗ ಕಟ್ಟಡದ ಗಾಜು, ಸ್ಮಾರ್ಟ್ ಬೋರ್ಡು ನೋಡಿ ಮರುಳಾಗಬೇಡಿ. ನರ್ಸಿಂಗ್ ಆದರೆ ಭಾರತೀಯ ನರ್ಸಿಂಗ್ ಪರಿಷತ್ತು ಮತ್ತು ರಾಜ್ಯ ಪರಿಷತ್ತಿನ ಮಾನ್ಯತೆ, ಪ್ಯಾರಾ ಮೆಡಿಕಲ್ ಡಿಪ್ಲೊಮಾ ಆದರೆ ರಾಜ್ಯ ಮಂಡಳಿಯ ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂದು ಕೇಳಿ. ಅದಕ್ಕಿಂತ ಮುಖ್ಯವಾಗಿ, ಮಕ್ಕಳು ಯಾವ ಆಸ್ಪತ್ರೆಗೆ ಹೋಗುತ್ತಾರೆ, ವಾರಕ್ಕೆ ಎಷ್ಟು ದಿನ, ಅಲ್ಲಿ ಎಷ್ಟು ಮಂಚಗಳಿವೆ, ಅವುಗಳಲ್ಲಿ ರೋಗಿಗಳಿದ್ದಾರೆಯೇ ಎಂದು ಕೇಳಿ. ಸಾಧ್ಯವಾದರೆ ಒಂದು ಬೆಳಿಗ್ಗೆ ಆ ಆಸ್ಪತ್ರೆಗೆ ನೀವೇ ಹೋಗಿ ನೋಡಿ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ‘ಇದುವರೆಗೆ ಎಷ್ಟು ಜನರ ಬಿಪಿ ನೋಡಿದೀ ವಾ?’ ಎಂದು ಕೇಳಿದರೆ ಯಾವ ಕರಪತ್ರಕ್ಕಿಂತಲೂ ನಿಜವಾದ ಉತ್ತರ ಸಿಗುತ್ತದೆ.

ಈಗಾಗಲೇ ಓದುತ್ತಿರುವ ಮಕ್ಕಳ ಮನೆಯವರಿಗೆ ಬೇರೆ ಮಾತು. ಮಗಳು ರಾತ್ರಿ ಫೋನು ಹಿಡಿದು ವಿಡಿಯೊ ನೋಡುತ್ತಿದ್ದರೆ ಓದುತ್ತಿಲ್ಲವೆಂದು ಗದರಬೇಡಿ. ಅದು ನಾಳೆಯ ಪಾಠವಿರಬಹುದು. ಹಾಗೆಯೇ, ವಿಡಿಯೊದಲ್ಲಿ ಎಲ್ಲ ಇದೆ ಎಂದು ಮಗ ವಾರ್ಡಿನ ಪಾಳಿ ತಪ್ಪಿಸಿದರೆ ಸುಮ್ಮನಿರಲೂ ಬೇಡಿ.

ನಮ್ಮ ಮೈ, ಅವರ ಪಾಠ

ಈ ಕಲಿಕೆಯಲ್ಲಿ ನಮ್ಮ ಪಾಲೂ ಇದೆ. ಬೋಧನಾ ಆಸ್ಪತ್ರೆಯಲ್ಲಿ ದಾಖಲಾದಾಗ ವಿದ್ಯಾರ್ಥಿಗಳು ಬಂದು ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ, ಮತ್ತೆ ಹೊಟ್ಟೆ ಮುಟ್ಟುತ್ತಾರೆ. ಬೇಸರವಾಗುವುದು ಸಹಜ. ಕೆಲವು ಸಲ ಹೀಗೆ ಮತ್ತೆ ಮತ್ತೆ ಕೇಳುವ ವಿದ್ಯಾರ್ಥಿಗೇ ಹಿರಿಯರು ಕೇಳದೆ ಬಿಟ್ಟ ಸಂಗತಿ ಸಿಕ್ಕುವುದೂ ಉಂಟು. ಅವರು ಹೆಸರು ಹೇಳಿ, ತಾವು ವಿದ್ಯಾರ್ಥಿಯೆಂದು ತಿಳಿಸಿ, ಒಪ್ಪಿಗೆ ಕೇಳಬೇಕು. ಹೆಣ್ಣುಮಕ್ಕಳ ಪರೀಕ್ಷೆಗೆ ಪರದೆ ಎಳೆದಿರಬೇಕು, ಜೊತೆಗೆ ಒಬ್ಬ ಮಹಿಳೆ ಇರಬೇಕು. ನೋವಿದ್ದರೆ, ದಣಿವಾಗಿದ್ದರೆ ‘ಈಗ ಬ್ಯಾಡಪ್ಪಾ, ಮಧ್ಯಾಹ್ನ ಬಾ’ ಎನ್ನುವ ಹಕ್ಕು ನಿಮಗಿದೆ. ಹಾಗೆಂದುದಕ್ಕೆ ಚಿಕಿತ್ಸೆಯಲ್ಲಿ ಏನೂ ಕಡಿಮೆಯಾಗಬಾರದು. ಮೊಬೈಲ್‌ನಲ್ಲಿ ನಿಮ್ಮ ಫೋಟೊ ತೆಗೆಯಲು ಬಂದರೆ ಯಾತಕ್ಕೆಂದು ಕೇಳಿ, ಒಪ್ಪಿಗೆಯಿಲ್ಲದೆ ತೆಗೆಯುವಂತಿಲ್ಲ.

ದೇಹದಾನದ ಬಗ್ಗೆಯೂ ಕೆಲವು ಮನೆಗಳಲ್ಲಿ ಮಾತು ಬರುತ್ತದೆ. ಕಂಪ್ಯೂಟರಿನ ಮೇಜಿನ ಮೇಲೆ ಶವಚ್ಛೇದನ ಮಾಡುವ ಯಂತ್ರಗಳು ಈಗ ಬಂದಿವೆ. ಅವು ಒಳ್ಳೆಯ ಜೊತೆಗಾರರು, ಆದರೆ ಅಲ್ಲಿ ಎಲ್ಲರ ದೇಹವೂ ಒಂದೇ ರೀತಿ. ನಿಜವಾದ ದೇಹದಲ್ಲಿ ಒಬ್ಬರ ರಕ್ತನಾಳ ಇನ್ನೊಬ್ಬರ ಹಾಗಿರುವುದಿಲ್ಲ. ಬೆಳಗಾವಿಯಲ್ಲಿ 2010ರಲ್ಲಿ ಆಯುರ್ವೇದ ಕಾಲೇಜಿನ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ಇಚ್ಛೆಯಂತೆ ದಾನವಾಗಿ ಬಂದ ಅವರ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದ್ದು ನಾಡಿನಾದ್ಯಂತ ಸುದ್ದಿಯಾಗಿತ್ತು. ದಾನ ಮಾಡಬೇಕೆಂದಿರುವವರು ಹತ್ತಿರದ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಬದುಕಿದ್ದಾಗಲೇ ಅರ್ಜಿ ತುಂಬಿ, ಮನೆಯವರಿಗೆ ಹೇಳಿಟ್ಟಿರಬೇಕು. ಏಕೆಂದರೆ ಕೊನೆಗೆ ದೂರವಾಣಿ ಮಾಡಬೇಕಾದವರು ಅವರೇ. ಮರಣೋತ್ತರ ಪರೀಕ್ಷೆಯಾದ ಅಥವಾ ಕೆಲವು ಸೋಂಕುಗಳಿದ್ದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣನ್ನು ಮೊದಲು ನೇತ್ರಭಂಡಾರಕ್ಕೆ, ಆರು ಗಂಟೆಯೊಳಗೆ, ಕೊಟ್ಟು ಆಮೇಲೆ ದೇಹವನ್ನು ಕಾಲೇಜಿಗೆ ಕೊಡಬಹುದು.